ಕೆರೆಗೆ ತಕ್ಕ ದೋಣಿ

ಅಲೀಪುರದಲ್ಲಿ ಯಾರಾದರೂ ಮನೆಯ ಹಿತ್ತಲಲ್ಲಿ ದೋಣಿ ಕಟ್ಟಲು ಹೊರಟರೆ ಊರವರು ಕೇಳುವ ಮೊದಲ ಮಾತು, ‘ನೀರೆಲ್ಲಿದೆಯಪ್ಪ?’ ಕೇಳುವುದರಲ್ಲಿ ತಪ್ಪೇನಿಲ್ಲ. ಗೌರಿಬಿದನೂರು ತಾಲ್ಲೂಕಿನ ಈ ಊರು ಹೆಸರು ಮಾಡಿರುವುದು ಹರಳಿನ ವ್ಯಾಪಾರದಿಂದ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರನ್ನು ಹಾದು ಹಿಂದೂಪುರದ ಕಡೆಗೆ ಹೋಗುವ ಉತ್ತರ ಪಿನಾಕಿನಿಯ ಪಾತ್ರದಲ್ಲಿ ವರ್ಷದ ಬಹುಪಾಲು ದಿನ ಕಾಣುವುದು ಮರಳು, ಜಾಲಿ. ಕೊಳವೆಬಾವಿ ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲದ ಜಿಲ್ಲೆ ನಮ್ಮದು.

ಆದರೂ ಆ ಪ್ರಶ್ನೆಗೆ ಉತ್ತರವಿದೆ. ನೀರು ಕೆರೆಯಲ್ಲಿದೆ. 2021 ಮತ್ತು 2022ರ ಮಳೆಗೆ ಚಿಕ್ಕಬಳ್ಳಾಪುರ, ಕೋಲಾರದ ಕೆರೆಗಳು ಒಂದರ ಹಿಂದೊಂದು ಕೋಡಿ ಹರಿದಾಗ, ಕೋಡಿ ಹರಿಯುವುದನ್ನು ಮೊದಲ ಸಲ ಕಂಡ ಹುಡುಗರು ಎಷ್ಟೋ ಮಂದಿ. ಗೌರಿಬಿದನೂರು ತಾಲ್ಲೂಕಿನ ವಾಟದಹೊಸಹಳ್ಳಿ ಕೆರೆ, ಶಿಡ್ಲಘಟ್ಟದ ಕಡೆಯ ರಾಮಸಮುದ್ರ ಕೆರೆ ತುಂಬಿ ನಿಂತಾಗ ಏರಿಯ ಮೇಲಿಂದ ನೋಡಿದರೆ ಇದು ಬಯಲುಸೀಮೆ ಎನ್ನುವುದೇ ಮರೆತುಹೋಗುತ್ತದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರನ್ನು 65 ಕೆರೆಗಳಿಗೆ ಹರಿಸುವ ಯೋಜನೆಯಿಂದ ಕಂದವಾರವೂ ಸೇರಿ ಜಿಲ್ಲೆಯ ಹಲವು ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತಿದೆ. ನೀರು ನಿಂತ ಕೆರೆಗೆ ಕಾಟ್ಲಾ, ರೋಹು ಮರಿ ಬಿಡುತ್ತಾರೆ. ಮೀನು ಬಂದ ಮೇಲೆ ಬಲೆ ಬರುತ್ತದೆ. ಬಲೆ ಬಿಡುವವನು ಲಾರಿ ಟ್ಯೂಬಿಗೆ ಗಾಳಿ ತುಂಬಿಸಿ, ಅದರ ಮೇಲೊಂದು ಹಲಗೆ ಕಟ್ಟಿ, ಎದೆಮಟ್ಟ ನೆನೆಯುತ್ತ ಕೆರೆಯ ನಡುವಿಗೆ ಹೋಗುತ್ತಾನೆ. ಒಂದು ಜಾಲಿಮುಳ್ಳು ಚುಚ್ಚಿದರೆ ಅವನ ಕೆಳಗಿನ ಆಸರೆ ಹೋಯಿತು. ನಾನು ಇಲ್ಲಿ ಬರೆಯುತ್ತಿರುವುದು ಮೊದಲಿಗೆ ಅವನಿಗಾಗಿ, ಆಮೇಲೆ ಕೈಯಲ್ಲಿ ಉಳಿ–ಗರಗಸ ಹಿಡಿಯುವ ಆಸೆಯಿರುವ ಎಲ್ಲರಿಗಾಗಿ.

ದೋಣಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕರಾವಳಿ. ಹೊನ್ನಾವರ, ತದಡಿ, ಗಂಗೊಳ್ಳಿ, ಮಲ್ಪೆಗಳಲ್ಲಿ ತಲೆಮಾರುಗಳಿಂದ ದೋಣಿ ಕಟ್ಟುವ ಆಚಾರಿಗಳಿದ್ದಾರೆ. ದೊಡ್ಡ ಮಾವಿನ ದಿಮ್ಮಿಯನ್ನು ಕೊರೆದು ಮಾಡುವ ಪಾತಿ ದೋಣಿ, ಹೆಬ್ಬಲಸಿನ ಹಲಗೆಗಳನ್ನು ಜೋಡಿಸಿ ಕಟ್ಟುವ ನಾಡದೋಣಿ, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯ ಉದ್ದನೆಯ ದೋಣಿ, ಒಂದೊಂದಕ್ಕೂ ಬೇರೆ ಬೇರೆ ಅಳತೆ. ಆ ವಿದ್ಯೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದನ್ನು ಹಾಗೆಯೇ ತಂದು ಗೌರಿಬಿದನೂರಿನ ಕೆರೆಗೆ ಇಳಿಸಿದರೆ ಎರಡು ವರ್ಷವೂ ಬಾಳುವುದಿಲ್ಲ. ಕಾರಣ ಸರಳ. ಹಲಗೆ ಜೋಡಿಸಿದ ದೋಣಿ ನೀರಿನಲ್ಲೇ ಇರಬೇಕು. ಹಲಗೆ ನೀರು ಕುಡಿದು ಉಬ್ಬುತ್ತದೆ, ಉಬ್ಬಿದಾಗ ಸಂದು ಬಿಗಿಯಾಗುತ್ತದೆ. ಕರಾವಳಿಯಲ್ಲಿ ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದು ತೆಂಗಿನ ಗರಿ ಹೊದಿಸಿ ಇಟ್ಟರೂ ಗಾಳಿಯಲ್ಲಿ ತೇವವಿರುತ್ತದೆ. ನಮ್ಮಲ್ಲಿ ಮಾರ್ಚ್‌ಗೆ ಕೆರೆ ತಳ ಕಂಡಿತೆಂದರೆ ಮೂರು ತಿಂಗಳು ಒಣಗಾಳಿ, ಕೆಂಡದಂಥ ಬಿಸಿಲು. ಹಲಗೆ ಕುಗ್ಗಿ ಸಂದು ಬಾಯಿಬಿಡುತ್ತದೆ. ಮುಂದಿನ ಮಳೆಗೆ ನೀರಿಗಿಳಿಸಿದರೆ ಒಳಗೆಲ್ಲ ನೀರು.

ಬಯಲುಸೀಮೆಯ ಹಿರಿಯರಿಗೆ ಇದು ಗೊತ್ತಿತ್ತು. ಅದಕ್ಕೇ ಅವರು ಕಟ್ಟಿದ್ದು ಹರಿಗೋಲು.

ವಿಜಯನಗರಕ್ಕೆ 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಹೊಳೆ ದಾಟಿಸುತ್ತಿದ್ದ ಈ ದೋಣಿಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ; 15–20 ಜನ ಹಿಡಿಯುತ್ತಿದ್ದರು; ಬೇಕೆಂದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದಿತ್ತು. ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಈ ರಾಜ್ಯದಲ್ಲಿ ಹೊಳೆಯಿರುವ ಕಡೆಯೆಲ್ಲ ಇದಲ್ಲದೆ ಬೇರೆ ದೋಣಿಯೇ ಇಲ್ಲ ಎಂದೂ ಬರೆದ. ಐನೂರು ವರ್ಷದ ಮೇಲೂ ಹಂಪಿ, ತಲಕಾಡಿನಲ್ಲಿ ಅದೇ ಆಕಾರ ತೇಲುತ್ತಿದೆ. ಚರ್ಮದ ಜಾಗಕ್ಕೆ ಟಾರ್ಪಾಲು, ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿವೆ, ಅಷ್ಟೆ.

ಹರಿಗೋಲನ್ನು ಹೆಣೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಅದರಲ್ಲಿರುವ ಬುದ್ಧಿ ತಿಳಿಯುತ್ತದೆ. ಹಸಿ ಬಿದಿರನ್ನು ಸೀಳಿ ದಬ್ಬೆ ಮಾಡಿ, ನೆಲದ ಮೇಲೆ ಜೋಡಿ ಜೋಡಿಯಾಗಿ ಅಡ್ಡ, ಉದ್ದ, ಓರೆಯಾಗಿ ಹಾಸಿ ನಡುವಿನ ತಳವನ್ನು ಹೆಣೆಯುತ್ತಾರೆ. ತಳ ಬೇಕಾದಷ್ಟು ಅಗಲವಾದ ಮೇಲೆ ನಡುವೆ ಕಲ್ಲು ಹೇರಿ, ಹೊರಗೆ ಚಾಚಿದ ದಬ್ಬೆಗಳನ್ನು ಮೇಲಕ್ಕೆ ಬಗ್ಗಿಸಿ, ಸುತ್ತಲೂ ತೆಳು ಸೀಳುಗಳನ್ನು ಹಾಯಿಸುತ್ತ ಗೋಡೆ ಎಬ್ಬಿಸುತ್ತಾರೆ. ಅಂಚಿಗೆ ಹಲವು ಸೀಳುಗಳನ್ನು ಸೇರಿಸಿ ದಪ್ಪನೆಯ ಸುತ್ತುಕಟ್ಟು. ಇಡೀ ಕೆಲಸದಲ್ಲಿ ಒಂದು ಮೊಳೆಯಿಲ್ಲ. ಕಲ್ಲಿಗೆ ತಾಗಿದರೆ ಹೆಣಿಗೆ ಬಳುಕುತ್ತದೆ, ಒಡೆಯುವುದಿಲ್ಲ. ಸಣ್ಣದನ್ನು ಒಬ್ಬನೇ ತಲೆಯ ಮೇಲೆ ಕವುಚಿಕೊಂಡು ಮನೆಗೆ ಹೊರಬಹುದು. ಕೆರೆ ಬತ್ತಿದಾಗ ಹಟ್ಟಿಯ ಗೋಡೆಗೆ ಒರಗಿಸಿಡಬಹುದು. ಹೊದಿಕೆ ಹರಿದರೆ ಹೊಸದು ಹಾಕಿದರಾಯಿತು. ಶಿಡ್ಲಘಟ್ಟದ ರೇಷ್ಮೆ ಮನೆಗಳಿಗೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹೆಣೆದುಕೊಟ್ಟ ಮೇದಾರರ ಕೈಗಳಿಗೆ ಈ ಕೆಲಸ ಹೊಸದೇನೂ ಅಲ್ಲ. ಪ್ಲಾಸ್ಟಿಕ್ ಚಂದ್ರಿಕೆ ಬಂದು ಅವರ ಕೆಲಸ ಕಡಿಮೆಯಾಗಿರುವ ಈ ಕಾಲದಲ್ಲಿ, ಕೆರೆಗೆ ಹರಿಗೋಲು ಬೇಕಾದವರು ಮೊದಲು ವಿಚಾರಿಸಬೇಕಾದದ್ದು ಅವರನ್ನೇ.

ಹಾಗೆಂದು ಹರಿಗೋಲಿನ ಕುಂದುಗಳನ್ನು ಮುಚ್ಚಿಡಬೇಕಾಗಿಲ್ಲ. ದುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಹುಟ್ಟನ್ನು ಮುಂದೆ ಇಳಿಸಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಹೋಗಬೇಕು. ಪಕ್ಕದಲ್ಲಿ ಹಾಕಿದರೆ ತಿರುಗುತ್ತದೆ. ಎದುರುಗಾಳಿ ಬಂದರೆ ತೋಳು ಸೋಲುತ್ತದೆ. ಮೀನುಗಾರಿಕೆ ಇಲಾಖೆ ಸಹಾಯಧನದಲ್ಲಿ ಕೊಡುತ್ತ ಬಂದಿರುವ ಫೈಬರ್‌ಗ್ಲಾಸ್ ಹರಿಗೋಲು ಹೆಚ್ಚು ಕಾಲ ಬಾಳುತ್ತದೆ ನಿಜ, ಆದರೆ ಅದನ್ನು ಮನೆಯಲ್ಲಿ ಮಾಡಲಾಗುವುದಿಲ್ಲ, ಅಚ್ಚು ಬೇಕು. ಹರಿಗೋಲಿನ ಹಾಗೆ ಹಗುರ, ಒಣಗಿದರೂ ಬಿರಿಯಬಾರದು, ಊರ ಬಡಗಿಯೇ ಕಟ್ಟುವಂತಿರಬೇಕು, ನೆಟ್ಟಗೂ ಸಾಗಬೇಕು. ಇಷ್ಟೂ ಗುಣವಿರುವ ದೋಣಿಗೆ ಬೇಕಾದ ಸಾಮಗ್ರಿ ಇವತ್ತು ಪೇಟೆಯಲ್ಲಿದೆ. ಅದು ಪ್ಲೈವುಡ್.

ಪ್ಲೈವುಡ್ಡಿನಿಂದ ಮನೆಯಲ್ಲಿ ದೋಣಿ ಕಟ್ಟುವುದು ಜಗತ್ತಿಗೆ ಹೊಸದಲ್ಲ. 1947ರಲ್ಲಿ ಅಮೆರಿಕದ ಫ್ಲೋರಿಡಾದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರ, ಮಕ್ಕಳು ಕಡಿಮೆ ಖರ್ಚಿನಲ್ಲಿ ಹಾಯಿ ಕಲಿಯಲೆಂದು ಎರಡೇ ಎರಡು ಪ್ಲೈವುಡ್ ಹಾಳೆಗಳಲ್ಲಿ ಮುಗಿಯುವ ದೋಣಿಯ ನಕ್ಷೆ ಬರೆದ. ಅದೇ ‘ಆಪ್ಟಿಮಿಸ್ಟ್’. ಇವತ್ತು ಜಗತ್ತಿನಾದ್ಯಂತ ಮಕ್ಕಳು ಹಾಯಿದೋಣಿ ಕಲಿಯುವುದು ಅದರಲ್ಲೇ. 1962ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಹೆಜ್ಜೆ. ಟಿ.ವಿ.ಯಲ್ಲಿ ಮನೆಗೆಲಸದ ಬಡಗಿತನ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಮತ್ತು ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಸೇರಿ, ಪ್ಲೈವುಡ್ ಹಾಳೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸುವ ದೋಣಿ ರೂಪಿಸಿದರು. ಬೆಂಬಲಿಸಿದ್ದು ‘ಡೈಲಿ ಮಿರರ್’ ಪತ್ರಿಕೆ, ಹಾಗಾಗಿ ಅದರ ಹೆಸರೂ ‘ಮಿರರ್’. 70,000ಕ್ಕೂ ಹೆಚ್ಚು ಮಿರರ್ ದೋಣಿಗಳು ಆಗಿವೆ; ಅವುಗಳಲ್ಲಿ ಬಹಳಷ್ಟನ್ನು ಕಟ್ಟಿದವರು ಮೊದಲೆಂದೂ ದೋಣಿ ಕಟ್ಟಿರದ ಸಾಮಾನ್ಯ ಜನ. ಒಂದು ದಿನಪತ್ರಿಕೆ ತನ್ನ ಓದುಗರಿಗೆ ಮಾಡಬಹುದಾದ ಉಪಕಾರಗಳಲ್ಲಿ ಇದು ದೊಡ್ಡದೆಂದು ನನ್ನ ಭಾವನೆ.

ಹೊಲಿದು ದೋಣಿ ಕಟ್ಟುವುದು ನಮ್ಮ ಕಡಲಿನ ಹಳೆಯ ವಿದ್ಯೆಯೂ ಹೌದು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹಡಗನ್ನು ಕಟ್ಟಿದ್ದು ಹಾಗೆಯೇ. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಅವರ ನೇತೃತ್ವದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದರು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಅಲ್ಲಿ ಹೊಲಿಗೆಯೇ ಹಡಗನ್ನು ಹಿಡಿದಿಡುತ್ತದೆ. ಪ್ಲೈವುಡ್ ದೋಣಿಯಲ್ಲಿ ಹೊಲಿಗೆ ತಾತ್ಕಾಲಿಕ, ಅಂಟು ಗಟ್ಟಿಯಾಗುವವರೆಗೆ ಮಾತ್ರ.

ಇನ್ನು ಲೆಕ್ಕ. ದೋಣಿಯ ವಿನ್ಯಾಸ ಎಂದರೆ ಇಂಜಿನಿಯರ್ ಆಗಬೇಕೆಂದು ಹೆದರಬೇಕಾಗಿಲ್ಲ, ಏಳನೇ ತರಗತಿಯ ಗಣಿತ ಸಾಕು. ದೋಣಿ ಎಷ್ಟು ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ಕಿಲೋ ಭಾರ ಹೊರುತ್ತದೆ. ಎಂಟಡಿ ಉದ್ದ, ನಾಲ್ಕಡಿ ಬಾಯಗಲದ, ಚಪ್ಪಟೆ ತಳದ ಒಂದು ಸಣ್ಣ ದೋಣಿಯನ್ನು ತೆಗೆದುಕೊಳ್ಳಿ. ತಳ ಸುಮಾರು 2.3 ಮೀಟರ್ ಉದ್ದ, 1 ಮೀಟರ್ ಅಗಲ. ಮುಂದೆ ಹಿಂದೆ ಸ್ವಲ್ಪ ಮೇಲಕ್ಕೆ ಬಾಗಿರುವುದರಿಂದ ನಿಜವಾಗಿ ನೀರಿನಲ್ಲಿ ಕೂರುವುದು ಅದರ ಮುಕ್ಕಾಲು ಭಾಗ, ಅಂದರೆ 1.7 ಚದರ ಮೀಟರ್. ದೋಣಿ ಒಂದು ಸೆಂಟಿಮೀಟರ್ ಮುಳುಗಿದರೆ 17 ಲೀಟರ್ ನೀರು ಸರಿಯುತ್ತದೆ, 17 ಕಿಲೋ ಹೊರುತ್ತದೆ. ದೋಣಿಯ ತೂಕ 40 ಕಿಲೋ, ಇಬ್ಬರು ಆಳು 130, ಬಲೆ ಮತ್ತು ಹುಟ್ಟು 15, ಒಟ್ಟು 185 ಕಿಲೋ. ಹನ್ನೊಂದು ಸೆಂಟಿಮೀಟರ್ ಮುಳುಗುತ್ತದೆ. ಪಕ್ಕದ ಹಲಗೆಯ ಎತ್ತರ 40 ಸೆಂಟಿಮೀಟರ್ ಇಟ್ಟರೆ ನೀರಿನ ಮೇಲೆ 29 ಉಳಿಯುತ್ತದೆ. ಇದು ಕೆರೆಗೆ ನೆಮ್ಮದಿಯ ಅಂತರ. ಅದೇ ದೋಣಿಗೆ ಐದು ಜನ ಹತ್ತಿದರೆ ಉಳಿಯುವುದು 18 ಮಾತ್ರ. ಅವರಲ್ಲಿ ಇಬ್ಬರು ಒಂದೇ ಬದಿಗೆ ವಾಲಿದರೆ ಅಂಚು ನೀರೊಳಗೆ. ದೋಣಿ ಮಗುಚುವ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಈ ಲೆಕ್ಕವೇ.

ನಕ್ಷೆ ಮೊದಲು ರಟ್ಟಿನಲ್ಲಿ ಆಗಲಿ. ಹತ್ತನೇ ಒಂದರ ಅಳತೆಯಲ್ಲಿ ತಳ, ಎರಡು ಪಕ್ಕ, ಮುಂದಿನ ಮತ್ತು ಹಿಂದಿನ ಹಲಗೆ ಕತ್ತರಿಸಿ ಗೋಂದು ಪಟ್ಟಿಯಿಂದ ಜೋಡಿಸಿ ನೋಡಿ. ರಟ್ಟು ಎಲ್ಲಿ ಮಡಿಕೆ ಬೀಳುತ್ತದೋ ಅಲ್ಲಿ ಪ್ಲೈವುಡ್ಡೂ ಬಗ್ಗಲು ಒಪ್ಪುವುದಿಲ್ಲ. ಸರಿಹೋದ ಮೇಲೆ ಹಾಳೆಯ ಮೇಲೆ ದೊಡ್ಡದಾಗಿ ಬರೆಯುವುದು. ಇಲ್ಲಿ ಬಡಗಿಗೆ ಗೊತ್ತಿರುವ ಒಂದು ಉಪಾಯ ಕೆಲಸಕ್ಕೆ ಬರುತ್ತದೆ. ಗುರುತಿಟ್ಟ ಬಿಂದುಗಳಲ್ಲಿ ಸಣ್ಣ ಮೊಳೆ ಹೊಡೆದು, ಗಂಟಿಲ್ಲದ ತೆಳು ರೀಪರ್ ಪಟ್ಟಿಯನ್ನು ಅವುಗಳಿಗೆ ಒರಗಿಸಿ ಬಗ್ಗಿಸಿ, ಆ ಬಾಗಿನ ಗುಂಟ ಪೆನ್ಸಿಲ್ ಎಳೆಯಬೇಕು. ಕಣ್ಣನ್ನು ಹಾಳೆಯ ಮಟ್ಟಕ್ಕೆ ಇಳಿಸಿ ಗೆರೆಯುದ್ದಕ್ಕೂ ನೋಡಿದರೆ ಎಲ್ಲಿ ಏರುಪೇರಿದೆ ಎಂದು ತಿಳಿಯುತ್ತದೆ. ಈ ಗೆರೆ ಹಸನಾಗುವವರೆಗೂ ಗರಗಸ ಮುಟ್ಟಬಾರದು.

ಪ್ಲೈವುಡ್ ಕೊಳ್ಳುವಾಗ ರಾಜಿ ಬೇಡ. ಐ.ಎಸ್. 710 ಎಂಬ ಐ.ಎಸ್.ಐ. ಗುರುತಿರುವ ಮೆರೀನ್ ಪ್ಲೈ ಬೇಕು. ಅದರ ಅಂಟು 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಬಿಡಬಾರದು ಎಂಬುದು ಪರೀಕ್ಷೆ. ಕತ್ತರಿಸಿದ ಅಂಚನ್ನು ನೋಡಿ. ಪದರಗಳ ನಡುವೆ ಪೊಳ್ಳು ಕಂಡರೆ ಹಾಳೆ ವಾಪಸ್. 6 ಮಿ.ಮೀ. ದಪ್ಪದ ಎಂಟು–ನಾಲ್ಕರ ಹಾಳೆ ಸುಮಾರು 12 ಕಿಲೋ ತೂಗುತ್ತದೆ, ಮೂರು ಹಾಳೆ ಸಾಕು. ಅಂಚುಪಟ್ಟಿಗೆ, ಸೀಟಿನ ಚೌಕಟ್ಟಿಗೆ ನಮ್ಮದೇ ಹಲಸಿನ ಮರ ಚೆನ್ನಾಗಿ ಆಗುತ್ತದೆ. ಕರಾವಳಿಯವರು ದೋಣಿಗೆ ಬಳಸುವ ಹೆಬ್ಬಲಸು ಅದೇ ಜಾತಿಯದು.

ಎರಡು ಪಕ್ಕಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸಿ, ಆಗ ಎಡ–ಬಲ ಒಂದೇ ಅಳತೆ ಬರುತ್ತವೆ. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಗೇಣಿಗೆರಡರ ಲೆಕ್ಕದಲ್ಲಿ ಸಣ್ಣ ತೂತು. ವೈರಿಂಗ್ ಅಂಗಡಿಯ ಒಂಟಿ ಎಳೆ ತಾಮ್ರದ ತಂತಿಯ ಸಿಪ್ಪೆ ಸುಲಿದು, ತುಂಡುಗಳನ್ನು ತೂತುಗಳಲ್ಲಿ ಪೋಣಿಸಿ, ಹೊರಗಡೆಯಿಂದ ಇಕ್ಕಳದಲ್ಲಿ ಸಡಿಲವಾಗಿ ತಿರುಚುತ್ತ ಬನ್ನಿ. ತಳ, ಪಕ್ಕ, ಮುಂದು, ಹಿಂದು ಎಲ್ಲ ಸೇರಿದ ಮೇಲೆ ಒಂದು ಸುತ್ತು ಬಿಗಿ ಮಾಡಿದರೆ, ಬೆಳಗ್ಗೆ ಗೋಡೆಗೊರಗಿದ್ದ ಚಪ್ಪಟೆ ಹಾಳೆಗಳು ಸಂಜೆಗೆ ದೋಣಿಯ ಆಕಾರದಲ್ಲಿ ನಿಂತಿರುತ್ತವೆ. ಅದನ್ನು ಕಂಡ ಯಾರಿಗೂ ಸಂತೋಷವಾಗದೆ ಇರದು. ಆದರೆ ಅವಸರ ಬೇಡ. ಮುಂದೊಂದು ಹಿಂದೊಂದು ನೇರ ಪಟ್ಟಿಯನ್ನು ಅಡ್ಡಲಾಗಿಟ್ಟು ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಎರಡೂ ಸಮ ಕಾಣದಿದ್ದರೆ ದೋಣಿ ತಿರುಚಿಕೊಂಡಿದೆ. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳೆಯಿರಿ. ಈ ಹಂತದಲ್ಲಿ ತಿದ್ದುವುದು ಸುಲಭ. ಅಂಟು ಹಾಕಿದ ಮೇಲೆ ಏನೂ ಮಾಡಲಾಗದು, ತಿರುಚಿದ ದೋಣಿ ಬದುಕಿಡೀ ಒಂದೇ ಕಡೆಗೆ ಎಳೆಯುತ್ತದೆ.

ಅಂಟು ಎಪಾಕ್ಸಿಯೇ ಆಗಬೇಕು. ಫೈಬರ್ ಕೆಲಸದವರು ಬಳಸುವ ಪಾಲಿಯೆಸ್ಟರ್ ಅಂಟು ಅಗ್ಗ, ಆದರೆ ಮರವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ಅಳೆದು ಬೆರೆಸಿ, ಜರಡಿ ಹಿಡಿದ ನುಣುಪು ಮರದ ಹೊಟ್ಟನ್ನು ಸೇರಿಸಿ ಗಟ್ಟಿ ಮುದ್ದೆ ಮಾಡಿ, ಒಳಸಂದುಗಳಿಗೆ ಮೆತ್ತಿ ಚಮಚದ ಬೆನ್ನಿನಿಂದ ದುಂಡಗೆ ಎಳೆಯಬೇಕು. ನಮ್ಮ ಬೇಸಿಗೆಯ ಮಧ್ಯಾಹ್ನ ಈ ಕೆಲಸಕ್ಕೆ ಆಗಿಬರುವುದಿಲ್ಲ. ಡಬ್ಬಿಯಲ್ಲೇ ಬಿಸಿಯಾಗಿ ಕಲ್ಲಾಗುತ್ತದೆ. ಬೆಳಗಿನ ಜಾವ, ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ಕೈಗವಸು, ಮೂಗಿಗೆ ಮಾಸ್ಕ್ ತಪ್ಪಿಸಬೇಡಿ, ಎಪಾಕ್ಸಿ ಚರ್ಮಕ್ಕೆ ತಾಗಿ ಒಮ್ಮೆ ಅಲರ್ಜಿಯಾದರೆ ಬಿಡುವುದಿಲ್ಲ. ಒಳಸಂದು ಗಟ್ಟಿಯಾದ ಮೇಲೆ ತಂತಿ ಕಿತ್ತು, ದೋಣಿಯನ್ನು ಕವುಚಿ, ಹೊರಮೂಲೆಗಳನ್ನು ಉಜ್ಜಿ ದುಂಡು ಮಾಡಿ, ಒಳಗೂ ಹೊರಗೂ ಫೈಬರ್‌ಗ್ಲಾಸ್ ಪಟ್ಟಿಯನ್ನು ಎಪಾಕ್ಸಿಯಲ್ಲಿ ನೆನೆಸಿ ಕೂರಿಸಬೇಕು. ಆಮೇಲೆ ಇಡೀ ಮೈಗೆ ಮೂರು ಕೋಟು ಎಪಾಕ್ಸಿ. ಅದರ ಮೇಲೆ ಬಣ್ಣ ಬೇಕೇ ಬೇಕು, ಬಿಸಿಲಿಗೆ ಬರಿಯ ಎಪಾಕ್ಸಿ ತಡೆಯುವುದಿಲ್ಲ. ಇಷ್ಟಾದರೆ ಒಣಗಿ ಬಿರಿಯಲು ಅದರಲ್ಲಿ ಸಂದೇ ಇಲ್ಲ. ಕೆರೆ ಬತ್ತಿದಾಗ ಇಬ್ಬರು ಎತ್ತಿ ಮನೆಯ ನೆರಳಿಗೆ ತಂದಿಟ್ಟರಾಯಿತು.

ಸೀಟುಗಳನ್ನು ಬರಿಯ ಹಲಗೆಯಾಗಿ ಹಾಕದೆ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಾಗಿ ಮಾಡಿ. 90 ಸೆಂ.ಮೀ. ಉದ್ದ, 30 ಅಗಲ, 25 ಎತ್ತರದ ಒಂದು ಪೆಟ್ಟಿಗೆಯಲ್ಲಿ 67 ಲೀಟರಿನಷ್ಟು ಗಾಳಿ ಇರುತ್ತದೆ. ಅಂಥ ಎರಡಿದ್ದರೆ ದೋಣಿಗೆ ನೀರು ತುಂಬಿದರೂ ಅದು ಮುಳುಗುವುದಿಲ್ಲ, ಹಿಡಿದುಕೊಂಡವರನ್ನೂ ತೇಲಿಸುತ್ತದೆ. ನನ್ನ ಕೇಳಿದರೆ ಇಡೀ ದೋಣಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದೇ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯ ದಿನ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಕಡಲಿನ ಮಗ್ಗುಲಲ್ಲೇ ಹಾಗಾಗುವುದಾದರೆ, ಈಜು ಬಾರದವರೇ ಹೆಚ್ಚಿರುವ ನಮ್ಮ ಕೆರೆಗಳ ಮಾತೇನು? ಹೂಳು, ಜೊಂಡು, ಮರಳು–ಮಣ್ಣು ತೆಗೆದ ಹಳ್ಳಗಳಿರುವ ಕೆರೆಯಲ್ಲಿ ಈಜು ಬಲ್ಲವನೂ ಸಿಕ್ಕಿಕೊಳ್ಳುತ್ತಾನೆ. ಲೈಫ್ ಜಾಕೆಟ್ ಇಲ್ಲದೆ ಯಾರೂ ದೋಣಿ ಹತ್ತಬಾರದು, ಮೊದಲ ದಿನಗಳಲ್ಲಿ ದಡದಿಂದ ಹಗ್ಗ ಕಟ್ಟಿಯೇ ಬಿಡಬೇಕು. ಕೆರೆ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ಆಗಿರುತ್ತದೆ, ಮೀನು ಹಿಡಿಯುವ ಹಕ್ಕು ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಇರುತ್ತದೆ. ಅವರನ್ನು ಕೇಳಿ, ಒಪ್ಪಿಗೆ ಪಡೆದೇ ನೀರಿಗಿಳಿಸಬೇಕು.

ಒಂದು ಮನವಿಯಿದೆ. ಜಿಲ್ಲೆಯ ಐ.ಟಿ.ಐ., ಪಾಲಿಟೆಕ್ನಿಕ್‌ಗಳು ವರ್ಷಕ್ಕೊಂದು ಇಂಥ ದೋಣಿಯನ್ನು ವಿದ್ಯಾರ್ಥಿಗಳ ಕೈಯಲ್ಲಿ ಕಟ್ಟಿಸಲಿ. ಮರ, ಪ್ಲೈವುಡ್ ಬಗ್ಗೆ ಸಲಹೆ ಕೇಳಲು ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ, ಎರಡು ಗಂಟೆಯ ದಾರಿ. ಅಲೀಪುರದಂಥ ಊರಿನಲ್ಲಿ ಹರಳಿನ ಸೂಕ್ಷ್ಮ ಬಲ್ಲ ಕಣ್ಣು, ಕೈಗಳಿಗೆ ಕೊರತೆಯಿಲ್ಲ. ಕಟ್ಟಿದ ದೋಣಿಯನ್ನು ಕಾಲೇಜಿನ ಅಂಗಳದಲ್ಲಿ ಪ್ರದರ್ಶನಕ್ಕೆ ಇಡದೆ ಹತ್ತಿರದ ಕೆರೆಯ ಮೀನುಗಾರರ ಸಂಘಕ್ಕೆ ಕೊಡಲಿ, ಜೊತೆಗೆ ಎರಡು ಲೈಫ್ ಜಾಕೆಟ್ ಕೊಡುವುದನ್ನು ಮರೆಯದಿರಲಿ. ಮನೆಯಲ್ಲಿ ತಾವೇ ಶುರುಮಾಡುವವರಿಗೆ ಹೇಳುವುದಿಷ್ಟು: ಮೊದಲ ದೋಣಿ ಎಂಟಡಿ ಮೀರುವುದು ಬೇಡ, ಹಾಳೆ ಕೊಳ್ಳುವ ಮೊದಲು ರಟ್ಟಿನ ಮಾದರಿ ಮಾಡಿ, ಕೆರೆಯಲ್ಲಿ ನೀರಿರುವಾಗಲೇ ಮುಗಿಯಬೇಕೆಂದರೆ ಕೆಲಸವನ್ನು ಮುಂಗಾರಿಗೆ ಮುಂಚೆಯೇ ಆರಂಭಿಸಿ.